ಸೋತ ಆಟವನ್ನು ಹಿಂದಿನಿಂದ ಓದಿ

ಫೋನಿನಲ್ಲಿ ಚೆಸ್ ಆಡುವ ಬಹಳ ಜನರಿಗೆ ಒಂದು ಅಭ್ಯಾಸ ಇದೆ. ಸೋತ ಮರುಕ್ಷಣವೇ ಇನ್ನೊಂದು ಆಟ ಶುರು. ಮೆಟ್ರೊ ಇಳಿಯುವಷ್ಟರಲ್ಲಿ ನಾಲ್ಕು ಆಟ ಮುಗಿದಿರುತ್ತೆ, ರೇಟಿಂಗ್ ಇಳಿದಿರುತ್ತೆ, ಕಲಿತದ್ದು ಮಾತ್ರ ಏನೂ ಇರಲ್ಲ.

ನನ್ನ ಅಕ್ಕನ ಮಗ ಹತ್ತನೇ ಕ್ಲಾಸು. ಶಾಲಾ ತಂಡದ ಆಯ್ಕೆಯಲ್ಲಿ ಮೂರು ಆಟ ಸೋತು, "ನಂಗೆ ಚೆಸ್ ಬರಲ್ಲ ಮಾಮ, ಬಿಟ್ಟುಬಿಡ್ತೀನಿ" ಅಂದ. ಕೈಯಲ್ಲಿ ನಡೆಗಳನ್ನು ಬರೆದ ಹಾಳೆಗಳಿದ್ದವು. ಮೊದಲು ಕೊನೆಯ ಆಟ ತೆಗೆದುಕೊಂಡೆವು. ಹದಿನೆಂಟನೇ ನಡೆಯಲ್ಲಿ ರಾಜನನ್ನು ತಪ್ಪು ಮನೆಗೆ ಇಟ್ಟಿದ್ದೇ ಸೋಲಿಗೆ ಕಾರಣ ಅನ್ನೋದು ಅವನ ತೀರ್ಮಾನ.

ನಾನು ಸಾಫ್ಟ್‌ವೇರ್ ಕೆಲಸದವನು. ಸರ್ವರ್ ನಿಂತಾಗ ಕೊನೆಗೆ ಕಾಣುವ ಎರರ್ ಎಷ್ಟೋ ಸಲ ಕಾರಣವೇ ಅಲ್ಲ, ಪರಿಣಾಮ. ಲಾಗ್‌ನಲ್ಲಿ ಹಿಂದೆ ಹಿಂದೆ ಹೋಗಿ ಮೊದಲು ಎಡವಿದ ಜಾಗ ಹುಡುಕಬೇಕು. ಆಟದಲ್ಲೂ ಹಾಗೇ ಹಿಂದಕ್ಕೆ ಹೋದೆವು. ಐದನೇ ನಡೆಗೆ ಬಂದು ನಿಂತೆವು.

ಅವನದು ಕಪ್ಪು ಕಾಯಿ. ಬಿಳಿಯ ಒಂಟೆ ಸಿ4ರಲ್ಲಿ, ಕುದುರೆ ಜಿ5ರಲ್ಲಿ, ಎರಡರ ಕಣ್ಣೂ ಎಫ್7ರ ಮೇಲೆ. ಇವನು ಕಾಲಾಳನ್ನು ಡಿ5ಕ್ಕೆ ತಳ್ಳಿದ, ಅಲ್ಲಿಯವರೆಗೆ ಸರಿ. ಬಿಳಿ ಅದನ್ನು ಹೊಡೆಯಿತು. ಇವನು ತಕ್ಷಣ ಕುದುರೆಯಿಂದ ತಿರುಗಿ ಹೊಡೆದ. ಲೆಕ್ಕ ಸಮವಾಯಿತು ಅನ್ನಿಸುತ್ತೆ. ಆದರೆ ಬಿಳಿಯ ಕುದುರೆ ಎಫ್7ಕ್ಕೆ ನುಗ್ಗಿ ರಾಣಿ, ಆನೆ ಎರಡನ್ನೂ ಒಟ್ಟಿಗೆ ಹಿಡಿಯಿತು. ರಾಜ ಅದನ್ನು ಹೊಡೆಯಲೇಬೇಕಾಯಿತು. ಬಿಳಿ ರಾಣಿ ಎಫ್3ಕ್ಕೆ ಬಂದು ಚೆಕ್ ಕೊಟ್ಟಿತು, ಜೊತೆಗೆ ಡಿ5ರ ಕುದುರೆಗೂ ಗುರಿಯಿಟ್ಟಿತು. ಕುದುರೆ ಉಳಿಸೋಕೆ ರಾಜ ಇ6ಕ್ಕೆ, ಅಂದರೆ ಬೋರ್ಡಿನ ಬಯಲಿಗೆ ಬಂದ. 'ಫ್ರೈಡ್ ಲಿವರ್' ಅಂತ ಹೆಸರಿರುವ, ಶತಮಾನಗಳಷ್ಟು ಹಳೆಯ ದಾಳಿ ಇದು. ಹದಿನೆಂಟನೇ ನಡೆಯ ಹೊತ್ತಿಗೆ ರಾಜನಿಗೆ ಒಳ್ಳೆಯ ಮನೆಯೇ ಉಳಿದಿರಲಿಲ್ಲ.

ಐದನೇ ನಡೆಯಲ್ಲಿ ಸಿ6ರ ಕುದುರೆಯನ್ನು ಎ5ಕ್ಕೆ ಇಟ್ಟು ಒಂಟೆಯನ್ನು ಅಟ್ಟಬೇಕಿತ್ತು. ಒಂದು ಕಾಲಾಳು ಹೋಗುತ್ತೆ, ಆದರೆ ಉಳಿದ ಕಾಯಿಗಳು ಚುರುಕಾಗಿ ಹೊರಗೆ ಬರುತ್ತವೆ. ಇದನ್ನು ಯಾವ ಆ್ಯಪ್ ಕೂಡ ಹೇಳುತ್ತೆ. ಅದು ಹೇಳದ ಪ್ರಶ್ನೆಯನ್ನು ನಾನು ಕೇಳಿದೆ: "ಯಾಕೆ ಹೊಡೆದೆ?"

"ಅವನು ಹೊಡೆದ, ನಾನೂ ಹೊಡೆದೆ ಮಾಮ."

ಉಳಿದೆರಡು ಹಾಳೆಗಳನ್ನೂ ನೋಡಿದೆವು. ಒಂದರಲ್ಲಿ ಆನೆಯಿಂದ, ಇನ್ನೊಂದರಲ್ಲಿ ರಾಣಿಯಿಂದ, ಅದೇ ಯೋಚಿಸದ ಏಟಿಗೆ ಎದುರೇಟು. ಅಂದರೆ ಅವನಿಗೆ ಚೆಸ್ ಬರಲ್ಲ ಅಂತಲ್ಲ. ಒಂದೇ ಒಂದು ಅಭ್ಯಾಸ ಮೂರು ಸಲ ಸೋಲಿಸಿತ್ತು.

ಹಾಗಾಗಿ ಸೋತ ಆಟ ನೋಡುವಾಗ ಮೊದಲೇ ಎಂಜಿನ್ ಹಾಕಬೇಡಿ. ಎಲ್ಲಿ ಕೆಟ್ಟಿತು, ಆಗ ತಲೆಯಲ್ಲಿ ಏನಿತ್ತು ಅಂತ ಎರಡು ಸಾಲು ಬರೆದುಕೊಳ್ಳಿ. ಆಮೇಲೆ ಸ್ಟಾಕ್‌ಫಿಶ್ ಹಾಕಿ. ಲೀಚೆಸ್‌ನಲ್ಲಿ ನಿಮ್ಮದೇ ತಪ್ಪು ನಡೆಯ ಸ್ಥಿತಿಯನ್ನು ಮತ್ತೆ ಮುಂದಿಟ್ಟು, ಸರಿಯಾದ ನಡೆ ಹುಡುಕಿಸುವ ಸೌಲಭ್ಯ ಉಚಿತವಾಗಿ ಸಿಗುತ್ತೆ. ಕೊನೆಗೆ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ಅವಸರ, ಭಯ, ಸಮಯ ಸಾಲದ್ದು, ಎದುರಾಳಿಯ ಉದ್ದೇಶ ನೋಡದ್ದು. ಐದಾರು ಆಟ ಆಗುವಷ್ಟರಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಬರೋದು ಕಾಣಿಸಬಹುದು.

ವಿಶ್ವ ಚಾಂಪಿಯನ್ ಮಿಖಾಯಿಲ್ ಬೋಟ್ವಿನಿಕ್ ತಮ್ಮ ಆಟಗಳ ವಿಶ್ಲೇಷಣೆಯನ್ನು ಪ್ರಕಟಿಸುತ್ತಿದ್ದರು, ಬೇರೆಯವರು ತಪ್ಪು ತೋರಿಸಲಿ ಅಂತ. ತಪ್ಪು ಯಾರನ್ನೂ ಬಿಡಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, ಡ್ರಾ ಕಡೆಗೆ ಸಾಗಿದ್ದ 14ನೇ ಆಟದ 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ಇಟ್ಟರು. ವಿಶ್ವ ಕಿರೀಟ 18 ವರ್ಷದ ಗುಕೇಶ್ ಪಾಲಾಯಿತು.

ನಮ್ಮ ಹುಡುಗ ಆ ಸಲ ತಂಡಕ್ಕೆ ಆಯ್ಕೆಯಾಗಲಿಲ್ಲ. ಆದರೆ ಆಟ ಬಿಟ್ಟಿಲ್ಲ. ಅವನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗ ಒಂದು ಸಾಲಿದೆ: "ಹೊಡೆಯೋ ಮೊದಲು ನೋಡು, ಅವನಿಗೆ ಏನು ಬೇಕು?"