ದಿವಾ ಜಂಕ್ಷನ್: ನೀತಿಗಳ ಸಂಧಿಸ್ಥಾನ

ರಾಜಕಾರಣ, ತಂತ್ರಜ್ಞಾನ, ಅರ್ಥನೀತಿಗಳು ಲೋಕವ್ಯವಹಾರವನ್ನು ರೂಪಿಸುವ ಬಗೆಗೆ ಠಾಣೆ ಜಿಲ್ಲೆಯ ದಿವಾ ಜಂಕ್ಷನ್ನನ್ನು ನಿದರ್ಶನವಾಗಿ ಪರಿಶೀಲಿಸುತ್ತೇವೆ. ಡೊಂಬಿವಲಿ ಪರಿಸರದ ಕರಾವಳಿ ಕನ್ನಡಿಗರು ಊರಿಗೆ ಹೋಗಲು ಹಿಂದೆ ಬಹುಮಟ್ಟಿಗೆ ಬಸ್ಸುಗಳನ್ನೇ ಅವಲಂಬಿಸಿದ್ದರು. ಮಂಗಳೂರಿನಲ್ಲಿ ಜನಿಸಿ ಮುಂಬಯಿಯ ಕಾರ್ಮಿಕ ಚಳುವಳಿಯಿಂದ ಬಂದ ಜಾರ್ಜ್ ಫರ್ನಾಂಡಿಸರು ಸಚಿವರಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪಿತವಾಯಿತು. ಕೇಂದ್ರದೊಡನೆ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳು ಬಂಡವಾಳ ತೊಡಗಿಸಿದವು; ಉದಾರೀಕರಣದ ಆ ವರ್ಷಗಳಲ್ಲಿ ಮಿಕ್ಕ ಹಣದ ಬಹುಭಾಗ ಮಾರುಕಟ್ಟೆಯ ಸಾಲಪತ್ರಗಳಿಂದ ಬಂದಿತು. ಸುರಂಗಗಳೂ ಶರಾವತಿಯ ಮೇಲಣ ಎರಡು ಕಿಲೋಮೀಟರು ಉದ್ದದ ಸೇತುವೆಯೂ ಸಿದ್ಧವಾಗಿ 1998ರಲ್ಲಿ ಮಾರ್ಗ ಪೂರ್ಣವಾಗಿ ತೆರೆಯಿತು.

ಠಾಣೆಯಿಂದ ಹೊರಟ ಮತ್ಸ್ಯಗಂಧಾ ಗಾಡಿ ದಿವಾದಲ್ಲಿಯೇ ಪನವೇಲಿನತ್ತ ತಿರುಗುತ್ತದೆ. ಆದರೆ ಅಲ್ಲಿ ನಿಲ್ಲುವುದಿಲ್ಲ. ಮಾರ್ಗವನ್ನು ನಿರ್ಮಿಸುವ ನೀತಿ ಒಂದು, ಅದರ ಪ್ರಯೋಜನವನ್ನು ಹಂಚುವ ನೀತಿ ಇನ್ನೊಂದು. ವಲಸೆಯ ಅಧ್ಯಯನವು ಎರಡನ್ನೂ ಗಣಿಸಬೇಕೆಂದು ಭಾವಿಸುತ್ತೇವೆ.