ಹೆಣಿಗೆ: ಕೈಗೆ ಕೆಲಸ, ಮನಸ್ಸಿಗೆ ವಿಶ್ರಾಂತಿ

“ಊರಿಗೆ ಬಂದವಳು ನೀರಿಗೆ ಬಾರದಿರುವಳೇ?” ಎಂಬುದು ಕನ್ನಡದ ಹಳೆಯ ಗಾದೆ. ಹೊಸದಾಗಿ ಊರು ಸೇರಿದವಳು ಎಷ್ಟೇ ಸಂಕೋಚದವಳಾದರೂ ಒಂದು ದಿನ ಕೊಡ ಹಿಡಿದು ಬಾವಿಕಟ್ಟೆಗೆ ಬರಲೇಬೇಕು. ಅಲ್ಲಿ ನಾಲ್ವರ ಮುಖಪರಿಚಯವಾಗಲೇಬೇಕು. ಕರ್ನಾಟಕದಿಂದ ದೆಹಲಿಗೆ ಬಂದು ನೆಲೆಸಿದ ಗೃಹಿಣಿಯರಿಗೆ ಈ ಅನುಕೂಲವಿರಲಿಲ್ಲ. ಸರ್ಕಾರಿ ಕ್ವಾರ್ಟರ್ಸಿನಲ್ಲಿ ನೀರು ಮನೆಯೊಳಗಿನ ನಲ್ಲಿಯಲ್ಲೇ ಬರುತ್ತಿತ್ತು. ನೆರೆಯವರ ಭಾಷೆ ತಿಳಿಯದು. ಯಜಮಾನರು ಬೆಳಿಗ್ಗೆ ಕಚೇರಿಗೆ ಹೊರಟರೆ ಮರಳುವುದು ಕತ್ತಲಾದ ಮೇಲೆ. ಅಂಥವರಿಗೆ ಬಾವಿಕಟ್ಟೆಯಾಗಿ ಒದಗಿದ್ದು ಚಳಿಗಾಲದ ಬಿಸಿಲು ಬೀಳುವ ಹುಲ್ಲುಹಾಸು. ಕೊಡವಾಗಿ ಒದಗಿದ್ದು ಎರಡು ಕಡ್ಡಿ ಮತ್ತು ಒಂದು ಉಂಡೆ ಉಲ್ಲನ್ ದಾರ.

ಬೆಂಗಳೂರಿನಲ್ಲಿ ಜನವರಿ ತಿಂಗಳ ಕನಿಷ್ಠ ಉಷ್ಣಾಂಶ ಸರಾಸರಿ ಸುಮಾರು 16 ಡಿಗ್ರಿ ಸೆಲ್ಸಿಯಸ್ ಇದ್ದರೆ, ದೆಹಲಿಯಲ್ಲಿ ಅದು ಸುಮಾರು 7 ಡಿಗ್ರಿ. ಊರಿನಿಂದ ತಂದ ಶಾಲು ಈ ಚಳಿಗೆ ಸಾಲದು. ಸರೋಜಿನಿ ನಗರ, ಕಿದ್ವಾಯಿ ನಗರ, ರಾಮಕೃಷ್ಣಪುರಂ, ಕರೋಲ್ ಬಾಗ್ ಮೊದಲಾದ ಕಡೆ ನೆಲೆಸಿದ ಕನ್ನಡ ಕುಟುಂಬಗಳ ನೆರೆಹೊರೆಯಲ್ಲಿ 1947ರ ದೇಶವಿಭಜನೆಯ ನಂತರ ಬಂದ ಪಂಜಾಬಿ ಕುಟುಂಬಗಳು ಅನೇಕವಿದ್ದವು. ಆ ಮನೆಗಳ ಹೆಂಗಸರಿಗೆ ಹೆಣಿಗೆ ಉಸಿರಾಟದಷ್ಟೇ ಸಹಜವಾಗಿತ್ತು. ಅವರ ಪಕ್ಕದಲ್ಲಿ ಕುಳಿತು, ಬೆರಳುಗಳನ್ನು ನೋಡಿ ನೋಡಿಯೇ ಕನ್ನಡದ ಹೆಣ್ಣುಮಕ್ಕಳು ಈ ವಿದ್ಯೆಯನ್ನು ಕಲಿತರು. ಕಡ್ಡಿಗೆ ‘ಸಲಾಯಿ’, ಕುಣಿಕೆಗೆ ‘ಫಂದಾ’, ನೇರ ಹೆಣಿಗೆಗೆ ‘ಸೀಧಾ’, ತಿರುವು ಹೆಣಿಗೆಗೆ ‘ಉಲ್ಟಾ’ ಎಂಬ ಮಾತುಗಳು ಹಿಂದಿ ವ್ಯಾಕರಣಕ್ಕಿಂತ ಮೊದಲೇ ಅವರಿಗೆ ಬಾಯಿಪಾಠವಾದವು. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ದೇಶದ ಅನೇಕ ಕಡೆ ಹೆಂಗಸರು ಜವಾನರಿಗಾಗಿ ಸ್ವೆಟರುಗಳನ್ನು ಹೆಣೆದು ಕಳುಹಿಸಿದ್ದುಂಟು. ಹಿಂದಿಯ ಮಹಿಳಾ ಪತ್ರಿಕೆಗಳು ಚಳಿಗಾಲದಲ್ಲಿ ಹೆಣಿಗೆಯ ವಿಶೇಷ ಸಂಚಿಕೆಗಳನ್ನೇ ಹೊರತರುತ್ತಿದ್ದವು.

ಇಂದು ಸ್ಥಿತಿ ಬದಲಾಗಿದೆ. ಸರೋಜಿನಿ ನಗರ, ನೇತಾಜಿ ನಗರ ಸೇರಿದಂತೆ ಏಳು ಸರ್ಕಾರಿ ಕಾಲೊನಿಗಳ ಪುನರ್ನಿರ್ಮಾಣಕ್ಕೆ 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ಮೇಲೆ ಹಳೆಯ ಕ್ವಾರ್ಟರ್ಸುಗಳೊಂದಿಗೆ ಅವುಗಳ ಅಂಗಳಗಳೂ ಮರೆಯಾಗತೊಡಗಿದವು. ಹೊಸ ತಲೆಮಾರಿನ ಕನ್ನಡಿಗರು ಗುರುಗ್ರಾಮ, ನೋಯ್ಡಾಗಳ ಬಹುಮಹಡಿ ಕಟ್ಟಡಗಳಲ್ಲಿದ್ದಾರೆ. ಮಗನೂ ಸೊಸೆಯೂ ಕೆಲಸಕ್ಕೆ ಹೋದ ಮೇಲೆ, ಊರಿನ ಮನೆಗೆ ಬೀಗ ಹಾಕಿ ಬಂದ ವೃದ್ಧ ತಾಯಿತಂದೆಯರು ಹದಿನಾಲ್ಕನೆಯ ಅಂತಸ್ತಿನಲ್ಲಿ ದಿನವಿಡೀ ಇಬ್ಬರೇ, ಕೆಲವೊಮ್ಮೆ ಒಬ್ಬರೇ. ಹಿಂದಿ ಬಾರದು, ಹೊರಗೆ ಚಳಿ, ಮಾತನಾಡಲು ಜನವಿಲ್ಲ. ಹಿಂದಿನ ಗೃಹಿಣಿಯನ್ನು ಕಾಡಿದ್ದ ಒಂಟಿತನವೇ ಇಂದು ಹಿರಿಯರನ್ನು ಕಾಡುತ್ತಿದೆ. ಆದ್ದರಿಂದಲೇ ಹಿಂದೆ ಅದಕ್ಕೆ ಪರಿಹಾರವಾಗಿದ್ದ ಹೆಣಿಗೆಯನ್ನು ಕುರಿತು ಪುನಃ ಯೋಚಿಸುವುದು ಉಚಿತವಾಗಿದೆ.

ಹೆಣಿಗೆ ಎಂದರೇನು?

ಮಗ್ಗದ ಬಟ್ಟೆಗೆ ಹಾಸು, ಹೊಕ್ಕು ಎಂಬ ಎರಡು ಬಗೆಯ ಎಳೆಗಳು ಬೇಕು. ಕುರುಬರು ನೇಯುವ ಕಂಬಳಿಯೂ ಹೀಗೆಯೇ ಆಗುವುದು. ಹೆಣಿಗೆಯಲ್ಲಾದರೋ ಒಂದೇ ಎಳೆ ಸಾಕು. ಒಂದು ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯನ್ನು ಎಳೆಯುತ್ತ ಹೋಗುವುದೇ ಹೆಣಿಗೆಯ ಸಮಸ್ತ ರಹಸ್ಯ. ಕುಣಿಕೆಗಳು ಎಳೆದಾಗ ಹಿಗ್ಗಿ, ಬಿಟ್ಟಾಗ ಕುಗ್ಗುವುದರಿಂದಲೇ ಸ್ವೆಟರು ಮೈಗೆ ಹೊಂದಿಕೊಳ್ಳುತ್ತದೆ. ಅವುಗಳ ನಡುವೆ ನಿಲ್ಲುವ ಗಾಳಿಯೇ ದೇಹದ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ.

ಹೆಣಿಗೆಯಲ್ಲಿ ಮೂಲತಃ ಇರುವುದು ಎರಡೇ ಪಟ್ಟುಗಳು: ಸೀಧಾ ಮತ್ತು ಉಲ್ಟಾ. ವಾಸ್ತವವಾಗಿ ಇವೂ ಒಂದೇ ಪಟ್ಟಿನ ಎರಡು ಮುಖಗಳು. ಒಂದು ಬದಿಯಿಂದ ಸೀಧಾ ಎಂದು ಕಾಣುವುದು ಹಿಂಬದಿಯಿಂದ ಉಲ್ಟಾ. ಎಲ್ಲ ಸಾಲುಗಳನ್ನೂ ಸೀಧಾ ಹೆಣೆದರೆ ದಪ್ಪನಾದ, ಅಂಚು ಸುರುಳಿಯಾಗದ ಬಟ್ಟೆ ದೊರೆಯುತ್ತದೆ. ಒಂದು ಸಾಲು ಸೀಧಾ, ಮುಂದಿನ ಸಾಲು ಉಲ್ಟಾ ಹೆಣೆದರೆ ನುಣುಪಾದ ಮುಖ ಬರುತ್ತದೆ, ಆದರೆ ಅಂಚು ಸುತ್ತಿಕೊಳ್ಳುತ್ತದೆ. ಎರಡು ಸೀಧಾ, ಎರಡು ಉಲ್ಟಾದಂತೆ ಒಂದೇ ಸಾಲಿನಲ್ಲಿ ಹೆಣೆಯುತ್ತ ಹೋದರೆ ರಬ್ಬರಿನಂತೆ ಹಿಗ್ಗುವ ಪಟ್ಟಿಯಾಗುತ್ತದೆ. ಸ್ವೆಟರಿನ ಕೆಳ ಅಂಚಿಗೂ ಮುಂಗೈಗೂ ಇದೇ ಬಳಕೆ.

ಮನಸ್ಸಿಗೆ ಆಗುವ ಉಪಕಾರ

ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಡಾ. ಹರ್ಬರ್ಟ್ ಬೆನ್ಸನ್ ಅವರು 1975ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ‘ವಿಶ್ರಾಂತಿ ಪ್ರತಿಕ್ರಿಯೆ’ ಎಂಬ ವಿಚಾರವನ್ನು ಮುಂದಿಟ್ಟರು. ಒಂದು ಪದವನ್ನೋ, ಧ್ವನಿಯನ್ನೋ, ಚಲನೆಯನ್ನೋ ಪುನಃ ಪುನಃ ಆವರ್ತಿಸುತ್ತ, ನಡುವೆ ನುಗ್ಗುವ ಆಲೋಚನೆಗಳೊಡನೆ ಜಗಳವಾಡದೆ ಮತ್ತೆ ಆ ಆವರ್ತನೆಗೇ ಮರಳಿದರೆ ಉಸಿರಾಟವೂ ಹೃದಯದ ಬಡಿತವೂ ನಿಧಾನಗೊಂಡು ದೇಹ ಶಾಂತವಾಗುತ್ತದೆ ಎಂಬುದು ಅದರ ಸಾರಾಂಶ. ಜಪಮಣಿ ಎಣಿಸಿದವರಿಗೆ ಇದು ಹೊಸ ಮಾತಲ್ಲ. ಹೆಣಿಗೆಯಲ್ಲಿ ಬೆರಳು ಎಣಿಸುವುದು ಮಣಿಗಳನ್ನಲ್ಲ, ಕುಣಿಕೆಗಳನ್ನು, ವ್ಯತ್ಯಾಸ ಅಷ್ಟೇ.

2013ರಲ್ಲಿ ಬ್ರಿಟನ್ನಿನ ಔದ್ಯೋಗಿಕ ಚಿಕಿತ್ಸಾ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆಗೆ 31 ದೇಶಗಳ 3,500ಕ್ಕೂ ಹೆಚ್ಚು ಹೆಣೆಯುವವರು ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ತಮಗೆ ಹೆಚ್ಚು ಶಾಂತಿ, ಸಂತೋಷ ದೊರೆಯುತ್ತದೆಂದು ತಿಳಿಸಿದರು. ಗುಂಪಿನಲ್ಲಿ ಹೆಣೆಯುವವರು ಇತರರೊಡನೆ ಬೆರೆಯುವುದು ಸುಲಭವಾಯಿತೆಂದೂ ಹೇಳಿದರು. 2011ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು 70ರಿಂದ 89 ವರ್ಷದ 1,321 ಮಂದಿಯನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಓದು, ಹೆಣಿಗೆಯಂತಹ ಕರಕುಶಲ ಕೆಲಸ ಮೊದಲಾದವುಗಳಲ್ಲಿ ತೊಡಗಿದವರಲ್ಲಿ ನೆನಪಿನ ಶಕ್ತಿಯ ಸೌಮ್ಯ ಕುಂದು ಕಡಿಮೆ ಇತ್ತೆಂದು ಅದರಲ್ಲಿ ಕಂಡುಬಂದಿತು.

ಆದರೆ ಇದನ್ನು ಓದಿ ಕಡ್ಡಿಯನ್ನು ಔಷಧವೆಂದು ಭಾವಿಸಬಾರದು. ಆರೋಗ್ಯವಾಗಿರುವವರೇ ಹೆಚ್ಚಾಗಿ ಹೆಣೆಯುತ್ತಿರಬಹುದಲ್ಲವೇ ಎಂಬ ಪ್ರಶ್ನೆ ಇಂತಹ ಅಧ್ಯಯನಗಳಲ್ಲಿ ಉಳಿದೇ ಇರುತ್ತದೆ. ನಿದ್ರೆ, ಊಟ ಎರಡೂ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದ್ದರೆ ವೈದ್ಯರನ್ನು ಕಾಣುವುದೇ ಸರಿ.

ಹೆಣಿಗೆಗೆ ಇನ್ನೊಂದು ವಿಶೇಷ ಗುಣವಿದೆ. ಕೈಯಲ್ಲಿ ಕೆಲಸವಿರುವಾಗ ಸುಮ್ಮನಿರುವುದು ಅಸಭ್ಯವಾಗುವುದಿಲ್ಲ. ಭಾಷೆ ಬಾರದವರು, ದುಃಖದಲ್ಲಿರುವವರು, ಸ್ವಭಾವತಃ ಸಂಕೋಚದವರು ಗುಂಪಿನ ನಡುವೆ ಕುಳಿತು ಮಾತಾಡದೆ ಇರಬಹುದು. ಬೇಕೆನಿಸಿದಾಗ ಒಂದು ಮಾತು ಸೇರಿಸಬಹುದು. ಉತ್ತರ ಕರ್ನಾಟಕದಲ್ಲಿ ಹೆಂಗಸರು ಒಟ್ಟಾಗಿ ಕೌದಿ ಹೊಲಿಯುವುದರಲ್ಲಿಯೂ, ಹಳೆಯ ಮೈಸೂರಿನ ಕಡೆ ಜಗುಲಿಯಲ್ಲಿ ಕುಳಿತು ಹೂ ಕಟ್ಟುವುದರಲ್ಲಿಯೂ ಇದೇ ಸೌಲಭ್ಯವಿತ್ತು.

ಲಾಭನಷ್ಟದ ಲೆಕ್ಕ

ಲೂಧಿಯಾನದ ಕಾರ್ಖಾನೆಗಳಿಂದ ಬರುವ ಸಿದ್ಧ ಸ್ವೆಟರು ಅಗ್ಗವಾಗಿ ಸಿಗುವಾಗ ಹೆಣೆಯುವುದೇಕೆ ಎಂಬ ಆಕ್ಷೇಪಣೆ ಸಹಜ. ವಯಸ್ಕರ ತುಂಬುತೋಳಿನ ಸ್ವೆಟರಿಗೆ ಸುಮಾರು ಅರ್ಧ ಕಿಲೋಗ್ರಾಮ್ ದಾರ ಬೇಕು; ದಿನಕ್ಕೊಂದು ಗಂಟೆಯಂತೆ ಹೆಣೆದರೆ ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಒಳ್ಳೆಯ ಉಣ್ಣೆಯನ್ನೇ ಕೊಂಡರೆ ದಾರದ ಬೆಲೆಯೇ ಅಂಗಡಿಯ ಸ್ವೆಟರಿನ ಬೆಲೆಯನ್ನು ಮೀರಬಹುದು. ಹಣದ ಲೆಕ್ಕದಲ್ಲಿ ಇದು ನಷ್ಟದ ವ್ಯವಹಾರವೇ ಸರಿ. ಆದರೆ ಆ ಗಂಟೆಗಳನ್ನು ಖರ್ಚಿನ ಪಕ್ಕಕ್ಕೆ ಬರೆಯಬೇಕೋ, ಜಮೆಯ ಪಕ್ಕಕ್ಕೆ ಬರೆಯಬೇಕೋ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ದಿನ ಕಳೆಯುವುದೇ ಕಷ್ಟವಾಗಿರುವ ಹಿರಿಯರ ಪಾಲಿಗೆ ಅವು ಜಮೆಯೇ ಹೌದು. ಸ್ವೆಟರು ಅದರ ಮೇಲಿನ ಬಡ್ಡಿ.

ಕಲಿಯುವವರಿಗೆ

ಮೊದಲ ಪ್ರಯತ್ನಕ್ಕೆ ಮಫ್ಲರ್ ಒಳ್ಳೆಯದು. 8ನೆಯ ನಂಬರಿನ, ಅಂದರೆ 4 ಮಿಲಿಮೀಟರ್ ದಪ್ಪದ ಒಂದು ಜೊತೆ ಕಡ್ಡಿ, 200 ಗ್ರಾಮ್ ಸಾಧಾರಣ ದಪ್ಪದ ದಾರ ಸಾಕು. ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತದೆ ಎಂಬುದನ್ನು ಕೊಳ್ಳುವಾಗ ನೆನಪಿಡಬೇಕು; 10ನೆಯ ನಂಬರು 3.25 ಮಿಲಿಮೀಟರ್ ಮಾತ್ರ. ದಾರ ತಿಳಿಬಣ್ಣದ್ದಿರಲಿ, ಕಪ್ಪು ದಾರದಲ್ಲಿ ಕುಣಿಕೆ ಕಾಣದೆ ಕಣ್ಣಿಗೆ ಆಯಾಸವಾಗುತ್ತದೆ. ಕಡ್ಡಿಯ ಮೇಲೆ 40 ಕುಣಿಕೆ ಹಾಕಿಕೊಂಡರೆ ಹೆಚ್ಚುಕಡಿಮೆ ಒಂದು ಗೇಣು ಅಗಲ ಬರುತ್ತದೆ. ಎಲ್ಲ ಸಾಲುಗಳನ್ನೂ ಸೀಧಾ ಹೆಣೆದು ಐದು ಅಡಿ ಉದ್ದವಾದಾಗ ಮುಗಿಸಬಹುದು. ಪ್ರತಿ ಸಾಲಿನ ಕೊನೆಯಲ್ಲಿ ಕುಣಿಕೆಗಳನ್ನು ಎಣಿಸಬೇಕು. 40 ಇದ್ದದ್ದು 39 ಆದರೆ ಎಲ್ಲೋ ಒಂದು ಜಾರಿದೆ, 41 ಆದರೆ ಒಂದು ಹೆಚ್ಚುವರಿ ಸೇರಿದೆ ಎಂದು ಅಲ್ಲೇ ತಿಳಿಯುತ್ತದೆ. ಜಾರಿದ ಕುಣಿಕೆಯನ್ನು ಕ್ರೋಶ ಕಡ್ಡಿಯಿಂದ ಏಣಿಯ ಮೆಟ್ಟಿಲಿನಂತೆ ಒಂದೊಂದೇ ಸಾಲು ಮೇಲಕ್ಕೆ ಎತ್ತಿಕೊಳ್ಳಬಹುದು.

ಸ್ವೆಟರಿಗೆ ಕೈಹಾಕುವ ಮೊದಲು ಒಂದು ಮಾದರಿ ತುಂಡನ್ನು ಹೆಣೆದು ಅಳೆಯುವುದು ಅವಶ್ಯಕ. 4 ಅಂಗುಲ ಅಗಲಕ್ಕೆ 20 ಕುಣಿಕೆ ಬಂದರೆ ಅಂಗುಲಕ್ಕೆ 5 ಎಂದಾಯಿತು. ಮುಂಭಾಗ 18 ಅಂಗುಲ ಬೇಕಿದ್ದರೆ 90 ಕುಣಿಕೆ. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಆದ್ದರಿಂದ ಪಕ್ಕದ ಮನೆಯವರ ಲೆಕ್ಕ ತನಗೆ ಹೊಂದುವುದಿಲ್ಲ.

ಕಲಿಸುವವರಿಗೆ

ಹೆಣಿಗೆಯನ್ನು ಪುಸ್ತಕ ನೋಡಿ ಕಲಿಯುವುದು ಕಷ್ಟ, ಪಕ್ಕದಲ್ಲಿ ಕುಳಿತವರಿಂದ ಕಲಿಯುವುದು ಸುಲಭ. ಕಲಿಸುವವರು ಎದುರಿಗೆ ಕುಳಿತರೆ ಬಲಗೈ ಎಡವಾಗಿ ಕಾಣಿಸುತ್ತದೆ. ಆದ್ದರಿಂದ ಪಕ್ಕದಲ್ಲೇ ಕುಳಿತುಕೊಳ್ಳಬೇಕು. ಕಲಿಯುವವರು ಎಡಚರಾದರೆ ಮಾತ್ರ ಎದುರು ಕುಳಿತುಕೊಳ್ಳಬೇಕು. ಆಗ ಅವರಿಗೆ ಕನ್ನಡಿಯಲ್ಲಿ ಕಂಡಂತೆ ಸರಿಹೋಗುತ್ತದೆ. ಮೊದಲ ಕುಣಿಕೆಗಳ ಸಾಲನ್ನು ತಾವೇ ಹಾಕಿಕೊಟ್ಟು ಸೀಧಾ ಒಂದನ್ನೇ ಕಲಿಸಿ, ಕೈ ಕುದುರಿದ ಮೇಲೆ ಉಲ್ಟಾ ತೋರಿಸುವುದು ಉತ್ತಮ. ತಪ್ಪಾದಾಗ ಕೈಯಿಂದ ಕಸಿದು ತಾವೇ ಸರಿಪಡಿಸಿದರೆ ಸ್ವೆಟರು ಬೇಗ ಮುಗಿಯುತ್ತದೆ, ಆದರೆ ವಿದ್ಯೆ ಬರುವುದಿಲ್ಲ. ಮೊದಲ ಮಫ್ಲರಿನ ಅಂಚು ಅಂಕುಡೊಂಕಾಗಿದ್ದರೂ ಬಿಚ್ಚಿಸಬಾರದು. ಅದು ಹತ್ತನೆಯ ಮಫ್ಲರಿನ ಪಕ್ಕದಲ್ಲಿ ಇಟ್ಟು ನೋಡಬೇಕಾದ ವಸ್ತು.

ಪುರುಷರು ಹಿಂಜರಿಯಬೇಕಾದ ಕಾರಣವಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಚೇತರಿಸಿಕೊಳ್ಳುತ್ತಿದ್ದ ಗಾಯಾಳು ಸೈನಿಕರಿಗೆ ಹೆಣಿಗೆ ಕಲಿಸಲಾಗುತ್ತಿತ್ತು. ನಿವೃತ್ತಿಯ ನಂತರ ಪತ್ರಿಕೆಯನ್ನು ಎರಡು ಸಲ ಓದಿ ಮುಗಿಸಿ ಮಧ್ಯಾಹ್ನಕ್ಕಾಗಿ ಕಾಯುವವರಿಗೆ ಇದು ತಕ್ಕ ಹವ್ಯಾಸ.

ಕೆಲವು ಎಚ್ಚರಿಕೆಗಳು

ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು, ಎದ್ದು ನಾಲ್ಕು ಹೆಜ್ಜೆ ನಡೆದು, ಕೈಬೆರಳುಗಳನ್ನು ಚಾಚಿ ಮಡಿಸಬೇಕು. ಹೆಬ್ಬೆರಳು, ತೋರುಬೆರಳುಗಳಲ್ಲಿ ಜೋಮು ಹಿಡಿಯತೊಡಗಿದರೆ ಅಥವಾ ರಾತ್ರಿ ಮಣಿಕಟ್ಟು ನೋಯುತ್ತಿದ್ದರೆ ಕೆಲವು ದಿನ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಸಂಧಿವಾತದವರಿಗೆ ಹಗುರವಾದ ಬಿದಿರಿನ ಕಡ್ಡಿ ಹಿತ. ನಡುವೆ ತಂತಿಯಿರುವ ದುಂಡು ಕಡ್ಡಿಯಲ್ಲಿ ಹೆಣಿಗೆಯ ಭಾರ ಮಣಿಕಟ್ಟಿನ ಮೇಲೆ ಬೀಳದೆ ಮಡಿಲಿನಲ್ಲಿ ಉಳಿಯುತ್ತದೆ.

ಬಿಸಿಲಿನಲ್ಲಿ ಕುಳಿತರೆ ಚರ್ಮದಲ್ಲಿ ವಿಟಮಿನ್ ‘ಡಿ’ ಉತ್ಪತ್ತಿಯಾಗುತ್ತದೆ. ಮುಚ್ಚಿದ ಗಾಜಿನ ಕಿಟಕಿಯ ಹಿಂದೆ ಕುಳಿತರೆ ಬೆಚ್ಚಗಾಗುವುದೇ ಹೊರತು ಆ ಪ್ರಯೋಜನವಿಲ್ಲ. ಆದರೆ ದೆಹಲಿಯ ಚಳಿಗಾಲದ ಗಾಳಿ ಹಿಂದಿನಂತಿಲ್ಲ. ಹೊಗೆಮಂಜು ಕವಿದ ದಿನಗಳಲ್ಲಿ, ವಿಶೇಷವಾಗಿ ಮುಂಜಾನೆ, ಉಬ್ಬಸದವರೂ ಹೃದ್ರೋಗಿಗಳೂ ಹೊರಗೆ ಕೂರದಿರುವುದೇ ಲೇಸು.

ಕೃತಕ ದಾರ ಚುಚ್ಚುವುದಿಲ್ಲ, ಒಗೆಯುವುದೂ ಸುಲಭ; ಆದರೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುವುದರಿಂದ ಹೀಟರಿನ ಸಮೀಪ ಎಚ್ಚರವಿರಬೇಕು. ಎಳೆಗೂಸಿನ ಉಡುಪಿನಲ್ಲಿ ಬೆರಳು ಸಿಕ್ಕಿಕೊಳ್ಳುವಂತಹ ದೊಡ್ಡ ತೂತಿನ ವಿನ್ಯಾಸ ಬೇಡ. ಅವುಗಳನ್ನು ನುಸಿಗುಳಿಗೆಯೊಂದಿಗೆ ಇಡುವುದೂ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರೊಳಗಿನ ನ್ಯಾಫ್ತಲೀನ್ ರಕ್ತಕಣಗಳನ್ನು ನಾಶಮಾಡಿ ಅಪಾಯ ತರಬಲ್ಲುದು.

ಕನ್ನಡಿಗರು ಮಾಡಬಹುದಾದುದು

ಊರಿನಲ್ಲಿ ಶಿವರಾತ್ರಿಗೆ ‘ಶಿವ ಶಿವಾ’ ಎಂದು ಓಡಿಹೋಗುವ ಚಳಿ ದೆಹಲಿಯಲ್ಲಿ ಕೆಲವು ವರ್ಷ ಹೋಳಿಯ ಸಮೀಪದವರೆಗೂ ಇರುತ್ತದೆ. ದೀಪಾವಳಿಯಿಂದ ಆರಂಭಿಸಿ ವಾರಕ್ಕೊಂದು ಮಧ್ಯಾಹ್ನ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದಂತಹ ಸ್ಥಳದಲ್ಲಿಯೋ, ಗುರುಗ್ರಾಮ, ನೋಯ್ಡಾ, ದ್ವಾರಕಾಗಳಲ್ಲಿ ಸರದಿಯಂತೆ ಒಬ್ಬರ ಮನೆಯಲ್ಲಿಯೋ ಎಂಟು ಹತ್ತು ಮಂದಿ ಸೇರಿದರೆ ಸಾಕು. ಅದಕ್ಕೆ ಅಧ್ಯಕ್ಷರು ಬೇಡ, ಭಾಷಣ ಬೇಡ. ಬೇಕಾದುದು ಬೆಳಕು, ಕುರ್ಚಿ, ಒಂದು ಲೋಟ ಕಾಫಿ. ಊರಿನಿಂದ ಹೊಸದಾಗಿ ಬಂದ ತಾಯಿಯನ್ನು ಮೊದಲ ದಿನ ಯಾರಾದರೂ ಕಾರಿನಲ್ಲಿ ಕರೆತರಬೇಕು. ಎರಡನೆಯ ವಾರ ಅವರೇ ಹೊತ್ತಿಗೆ ಮುಂಚೆ ಸಿದ್ಧರಾಗಿರುತ್ತಾರೆ. ಮನೆಯವರಿಗೆಲ್ಲ ಹೆಣೆದು ಮುಗಿದ ಮೇಲೆ ನಗರದ ರಾತ್ರಿ ತಂಗುದಾಣಗಳಲ್ಲಿ ಮಲಗುವವರಿಗೆ ಟೋಪಿ, ಮಫ್ಲರುಗಳು ಎಷ್ಟಿದ್ದರೂ ಬೇಕು.

ಪಂಜಾಬಿ ನೆರೆಯವರಿಂದ ಈ ವಿದ್ಯೆ ಕಲಿತ ಕನ್ನಡದ ಹಿರಿಯರು ಈಗಲೂ ದೆಹಲಿಯಲ್ಲಿದ್ದಾರೆ. ಅವರಲ್ಲಿ ಅನೇಕರ ಕಡ್ಡಿಗಳು ಟ್ರಂಕಿನ ತಳದಲ್ಲಿವೆ. ಕೇಳುವವರಿಲ್ಲವೆಂಬುದೊಂದೇ ಅದಕ್ಕೆ ಕಾರಣ. ಬರುವ ಚಳಿಗಾಲದಲ್ಲಿ ಮನೆಯ ಕಿರಿಯರು ಒಂದು ಉಂಡೆ ದಾರ ತಂದು ಅವರ ಪಕ್ಕದಲ್ಲಿ ಕುಳಿತು “ಕಲಿಸಿಕೊಡಿ” ಎಂದು ಕೇಳಿದರೆ ಕಲಿಯುವವರಿಗೆ ಎಷ್ಟು ಲಾಭವೋ, ಕಲಿಸುವವರಿಗೆ ಅದಕ್ಕಿಂತಲೂ ಹೆಚ್ಚಿನ ಲಾಭ.