ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಬಗೆಯುವ ಮುನ್ನ

2025ರ ಮೇ–ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಬಂದ ಹೃದಯಾಘಾತದ ಸುದ್ದಿಗಳು ನಾಡಿನಲ್ಲಿ ಭೀತಿ ಹುಟ್ಟಿಸಿದವು. ಮೃತರಲ್ಲಿ ಯುವಕರೂ ಇದ್ದುದರಿಂದ ಯಾವ ತೊಂದರೆಯೂ ಇಲ್ಲದವರು ಸಹ ತಪಾಸಣೆಗಾಗಿ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಆ ಆತಂಕ ಸಹಜವೇ. ಆದರೆ ಒಂದು ದಿನದ ಇಸಿಜಿ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತರಾಗಲು ಬರುವುದಿಲ್ಲ. ಅದೇಕೆಂಬುದನ್ನು ಭಕ್ತಬಾಂಧವರು ತಿಳಿಯಬೇಕೆಂದು ಬಯಸುತ್ತೇವೆ.

ದೇಹಕ್ಕೆಲ್ಲ ರಕ್ತ ಹರಿಸುವ ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವುದು ಮಹಾಪಧಮನಿಯ ಬುಡದಿಂದ ಕವಲೊಡೆಯುವ ಎರಡು ಪರಿಧಮನಿಗಳು. ಇವುಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು ಶೇಖರವಾಗುತ್ತದೆ. ನಾಳ ಬಹಳ ಕಿರಿದಾದವರಿಗೆ ಮೆಟ್ಟಿಲೇರುವಾಗ ಎದೆ ಬಿಗಿದಂತಾಗಿ, ನಿಂತರೆ ಶಮನವಾಗುತ್ತದೆ. ಅವರಿಗೆ ಮುನ್ಸೂಚನೆಯಾದರೂ ದೊರೆಯಿತು. ಹೆಚ್ಚು ಅಪಾಯಕಾರಿಯಾದುದು ಬೇರೆ: ನಾಳವನ್ನು ಅಷ್ಟೇನೂ ಮುಚ್ಚದ ಸಣ್ಣ ಕೊಬ್ಬಿನ ಗಂಟೂ ಹಠಾತ್ತನೆ ಬಿರಿಯಬಹುದು. ಬಿರಿದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿದರೆ ಅದೇ ಹೃದಯಾಘಾತ. ಹಿಂದಿನ ವಾರದ ಇಸಿಜಿಯಲ್ಲಿ ಇದರ ಸುಳಿವೇ ಇರದಿರಬಹುದು.

2016ರ ಅಂದಾಜಿನಂತೆ ಭಾರತದ ಒಟ್ಟು ಸಾವುಗಳಲ್ಲಿ ಸುಮಾರು ಶೇ. 28ರಷ್ಟಕ್ಕೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳೇ ಕಾರಣ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನವು, ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟನ್ನು ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು ಮೊದಲಾದ ಒಂಬತ್ತು ಅಂಶಗಳು ವಿವರಿಸುತ್ತವೆಂದು ತೋರಿಸಿತು. ದಕ್ಷಿಣ ಏಷ್ಯಾದವರಿಗೆ ಆಘಾತವು ಇತರರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆಂಬುದೂ ಅದರಿಂದ ತಿಳಿದುಬಂತು. ಅಂದರೆ ಮನೆ ನಡೆಸುವವರು ದುಡಿಯುತ್ತಿರುವಾಗಲೇ, ಮಕ್ಕಳು ಓದುತ್ತಿರುವಾಗಲೇ. ಸಸ್ಯಾಹಾರಿಗಳಾದ ನಮಗೆ ಈ ರೋಗ ಬಾರದೆಂಬ ನಂಬಿಕೆ ಸಮುದಾಯದಲ್ಲಿ ಬಲವಾಗಿದೆ. ಕರಿದ ತಿಂಡಿ, ಸಿಹಿ, ಗುಟ್ಕಾಗಳೆಲ್ಲವೂ ಸಸ್ಯಜನ್ಯವೇ ಎಂಬುದನ್ನು ನಾವು ಮರೆಯುತ್ತೇವೆ!

ನಾಳ ಮುಚ್ಚಿದ ಅರ್ಧ ಗಂಟೆಯೊಳಗೇ ಹೃದಯದ ಸ್ನಾಯು ಸಾಯತೊಡಗುತ್ತದೆ. ನಮ್ಮ ಮನೆಗಳಲ್ಲಿ ಆ ಹೊತ್ತು ಸೋಡಾ ಕುಡಿಸುವುದರಲ್ಲಿ, ಜೀರಿಗೆ ಕಷಾಯ ಕಾಯಿಸುವುದರಲ್ಲಿ, ಬೆಳಗಾಗಲಿ ಎಂದು ಕಾಯುವುದರಲ್ಲಿ ಕಳೆದುಹೋಗುತ್ತದೆ. ಎದೆಯ ನಡುವೆ ಭಾರ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ತಡಮಾಡಬಾರದು. ಮಹಿಳೆಯರಲ್ಲಿ ಹಾಗೂ ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿಯ ಆಯಾಸ, ಉಬ್ಬಸ, ವಾಕರಿಕೆ ಕಾಣಿಸಬಹುದು. 'ಅವ್ವನಿಗೆ ಸುಸ್ತು' ಎಂದು ಮಲಗಿಸಿಬಿಡುವುದು ಇಂತಹ ಸಂದರ್ಭಗಳಲ್ಲಿಯೇ.

ದೂರದ ದೊಡ್ಡ ಆಸ್ಪತ್ರೆಯವರೆಗೆ ಕಾಯಬೇಕಾಗಿಲ್ಲ. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲೇ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಅದನ್ನು ದೂರದ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆಯಿದೆ. ಮೊದಲ ಗಂಟೆಗಳಲ್ಲಿಯೇ ಅದರ ಪ್ರಯೋಜನ ಹೆಚ್ಚು. ರೋಗಿಯನ್ನು ನಡೆಸದೆ, ಬೈಕಿನ ಹಿಂದೆ ಕೂರಿಸದೆ 108ಕ್ಕೆ ಕರೆ ಮಾಡಿರಿ. ಪಾರ್ಶ್ವವಾಯು ಆಗಿದ್ದವರಿಗೆ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಈ ಮದ್ದು ರಕ್ತಸ್ರಾವ ತರಬಲ್ಲದು. ಆದುದರಿಂದ ಹಳೆಯ ಕಾಯಿಲೆಗಳ ಚೀಟಿಯನ್ನೂ ನಿತ್ಯ ಸೇವಿಸುವ ಮಾತ್ರೆಗಳನ್ನೂ ಜೊತೆಗೆ ಒಯ್ದು ವೈದ್ಯರಿಗೆ ಮೊದಲೇ ತೋರಿಸಿರಿ.